ಸದ್ದಿಲ್ಲದ ಕಾರು ಮಾತಾಡುವುದು ಹೇಗೆ?

ಮುದ್ದೇಬಿಹಾಳದ ಪಾಲಕರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಪಿ.ಯು.ಸಿ. ಎರಡನೆಯ ವರ್ಷದ ವಿಜ್ಞಾನ ವಿದ್ಯಾರ್ಥಿ. ಓದಿನಲ್ಲಿ ಹಿಂದಿಲ್ಲ. ಆದರೆ ಭೌತಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ವಿದ್ಯುತ್ ಕಾರುಗಳ ಡ್ಯಾಶ್‌ಬೋರ್ಡಿನ ಚಿತ್ರ ಬರೆಯುತ್ತಾನಂತೆ. ಬರೀ ಮೀಟರು, ಗುಂಡಿ, ದೀಪ. ‘ಎಂಜಿನ್ನಿನ ಚಿತ್ರ ಬರೆದಿದ್ದರೆ ಮುಂದೆ ಎಂಜಿನಿಯರ್ ಆದಾನು ಎನ್ನಬಹುದಿತ್ತು. ಗುಂಡಿಯ ಚಿತ್ರ ಬರೆಯುವವನು ಏನಾದಾನು? ನೀವಾದರೂ ಬುದ್ಧಿ ಹೇಳಿ’ ಎಂಬುದು ಅವರ ಕೋರಿಕೆ.

ಬುದ್ಧಿ ಹೇಳುವ ಮೊದಲು ಒಂದು ಘಟನೆ ಹೇಳುತ್ತೇನೆ.

ನನ್ನ ಅಕ್ಕನ ಮನೆ ಇಂಡಿಯಲ್ಲಿದೆ. ಭಾವನವರದು ನಿಂಬೆ ತೋಟ. ಅವರ ಮಗ ಕಳೆದ ವರ್ಷ ಒಂದು ವಿದ್ಯುತ್ ಸ್ಕೂಟರ್ ಕೊಂಡ. ಒಂದು ಸಂಜೆ ಪೇಟೆಯಿಂದ ಬಂದವನು ಗಾಡಿಯನ್ನು ಅಂಗಳದಲ್ಲಿ ಅಡ್ಡ ಸ್ಟ್ಯಾಂಡಿಗೆ ಹಾಕಿ, ಕೀಲಿ ತಿರುವಿ ಬಂದ್ ಮಾಡುವುದನ್ನು ಮರೆತು, ನೀರು ಕುಡಿಯಲು ಒಳಗೆ ಹೋದ. ನಾಲ್ಕು ವರ್ಷದ ಮಗಳು ಗಾಡಿಯ ಮುಂದಿನ ಜಾಗದಲ್ಲಿ ನಿಂತೇ ಇದ್ದಳು. ಆಟಕ್ಕೆಂದು ಹ್ಯಾಂಡಲಿನ ಹಿಡಿಕೆ ತಿರುವಿದಳು. ಗಾಡಿ ಸದ್ದಿಲ್ಲದೆ ಜಿಗಿದು ತುಳಸಿ ಕಟ್ಟೆಗೆ ಬಡಿಯಿತು. ಮಗುವಿನ ಗದ್ದಕ್ಕೆ ಮೂರು ಹೊಲಿಗೆ ಬಿದ್ದವು.

ಮನೆಯವರೆಲ್ಲ ಮೊದಲು ಮಗುವನ್ನು ಬೈದರು. ಆಮೇಲೆ ಮಗನನ್ನು ಬೈದರು. ಗಾಡಿಯನ್ನು ಯಾರೂ ಬೈಯಲಿಲ್ಲ. ಅಕ್ಕ ಮಾತ್ರ ನನ್ನ ಮುಂದೆ ಒಂದು ಮಾತು ಹೇಳಿದಳು: ‘ಸಪ್ಪಳಾನ ಇಲ್ಲ. ಚಾಲೂ ಐತೋ, ಬಂದ್ ಐತೋ, ಹ್ಯಾಂಗ ತಿಳೀಬೇಕೋ ತಮ್ಮಾ?’

ಅಕ್ಕ ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ ಮಾತ್ರ. ಆದರೆ ವಿದ್ಯುತ್ ವಾಹನಗಳನ್ನು ರೂಪಿಸುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯನ್ನೇ ಅವಳು ಕೇಳಿದ್ದಳು. ಆ ಹುಡುಗನ ನೋಟ್‌ಬುಕ್ಕಿನ ಚಿತ್ರಗಳು ಉತ್ತರ ಹುಡುಕುತ್ತಿರುವುದೂ ಇದೇ ಪ್ರಶ್ನೆಗೆ.

ಕಳೆದುಹೋದ ಮಾತು

ಪೆಟ್ರೋಲ್ ಅಥವಾ ಡೀಸೆಲ್ ಗಾಡಿ ಸದಾ ಮಾತಾಡುತ್ತಿರುತ್ತದೆ. ಚಾಲೂ ಇದ್ದರೆ ಗುರುಗುಟ್ಟುತ್ತದೆ, ಕೂತ ಸೀಟು ನಡುಗುತ್ತದೆ. ದಿಬ್ಬ ಹತ್ತುವಾಗ ನರಳುತ್ತದೆ. ತಪ್ಪು ಗೇರಿನಲ್ಲಿ ಕ್ಲಚ್ ಬಿಟ್ಟರೆ ಜಗ್ಗಿ ನಿಂತುಬಿಡುತ್ತದೆ. ಇವುಗಳಲ್ಲಿ ಯಾವುದನ್ನೂ ಚಾಲಕನಿಗೆ ಸುದ್ದಿ ತಿಳಿಸಲೆಂದು ಯಾರೂ ಮಾಡಿದ್ದಲ್ಲ. ಅವು ಎಂಜಿನ್ನಿನ ದೋಷಗಳೆಂದೇ ಹೇಳಬಹುದು. ಆದರೆ ನೂರು ವರ್ಷಗಳಲ್ಲಿ ಮನುಷ್ಯ ಆ ದೋಷಗಳನ್ನೇ ಭಾಷೆಯಾಗಿ ಕಲಿತುಕೊಂಡ. ಅದಕ್ಕೂ ಹಿಂದೆ ಚಕ್ಕಡಿಯ ಕಾಲದಲ್ಲಿ ಎತ್ತಿನ ಕೊರಳಿಗೆ ಗಂಟೆ ಕಟ್ಟುತ್ತಿದ್ದರು. ಕತ್ತಲಲ್ಲಿ ಎದುರು ಬರುವವನಿಗೆ ಅದು ಹಾರ್ನ್ ಆಗಿತ್ತು.

ವಿದ್ಯುತ್ ಮೋಟಾರು ಹಾಗಲ್ಲ. ಗಾಡಿ ನಿಂತಾಗ ಅದೂ ಪೂರ್ತಿ ನಿಂತಿರುತ್ತದೆ. ಗಾಡಿ ‘ಬಂದ್’ ಇದ್ದಾಗಲೂ, ಒಂದು ಬೆರಳಿನ ಒತ್ತಡಕ್ಕೆ ಜಿಗಿಯಲು ಸಿದ್ಧವಾಗಿದ್ದಾಗಲೂ ಹೊರಗಿನಿಂದ ನೋಡುವವರಿಗೆ ಒಂದೇ ರೀತಿ. ಹಳೆಯ ಭಾಷೆ ಹೋಯಿತು. ಅದರ ಜಾಗದಲ್ಲಿ ಹೊಸ ಭಾಷೆಯೊಂದನ್ನು ಯಾರಾದರೂ ಕಟ್ಟಿಕೊಡಬೇಕು. ಡ್ಯಾಶ್‌ಬೋರ್ಡಿನ ದೀಪ, ಮುಳ್ಳು, ಗುಂಡಿ, ಗಂಟೆಗಳೇ ಆ ಭಾಷೆಯ ಅಕ್ಷರಗಳು. ಅವುಗಳಿಗೆ ಅಲಂಕಾರಕ್ಕಿಂತ ದೊಡ್ಡ ಕೆಲಸವಿದೆ.

ಈಗಿನ ಅನೇಕ ವಿದ್ಯುತ್ ಕಾರುಗಳಲ್ಲಿ ಬ್ರೇಕ್ ಒತ್ತಿ ಹಿಡಿದೇ ಚಾಲೂ ಮಾಡಬೇಕು. ಗಾಡಿ ಹೊರಡಲು ಸಿದ್ಧವಾದಾಗ ‘ರೆಡಿ’ ಎಂಬ ದೀಪ ಹೊತ್ತುತ್ತದೆ. ಅನೇಕ ಸ್ಕೂಟರುಗಳಲ್ಲಿ ಅಡ್ಡ ಸ್ಟ್ಯಾಂಡ್ ಹಾಕಿದೊಡನೆ ಮೋಟಾರಿಗೆ ವಿದ್ಯುತ್ ಹೋಗುವುದು ನಿಲ್ಲುತ್ತದೆ. ಅಕ್ಕನ ಮನೆಯ ಗಾಡಿಯಲ್ಲಿ ಈ ಎರಡನೆಯ ಏರ್ಪಾಡು ಇರಲಿಲ್ಲ. ಒಂದು ಸಣ್ಣ ಸ್ವಿಚ್ಚಿನ ಕೊರತೆ ಮಗುವಿನ ಗದ್ದದ ಮೇಲೆ ಗಾಯದ ಗುರುತಾಗಿ ಉಳಿಯಿತು.

ದಾರಿಹೋಕರಿಗೂ ಈ ಭಾಷೆ ಬೇಕು. ಯುರೋಪಿನ ಒಕ್ಕೂಟದಲ್ಲಿ 2019ರ ಜುಲೈನಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳಿಗೆ, 2021ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ವಿದ್ಯುತ್ ಕಾರುಗಳಿಗೆ, ಗಂಟೆಗೆ 20 ಕಿ.ಮೀ. ವೇಗದವರೆಗೆ ಮತ್ತು ಹಿಂದಕ್ಕೆ ಚಲಿಸುವಾಗ ಕೃತಕ ಸದ್ದು ಮಾಡುವ ಸಾಧನ ಕಡ್ಡಾಯವಾಯಿತು. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಟೈರಿನ ಸದ್ದೇ ಸಾಕಷ್ಟು ಕೇಳಿಸುತ್ತದೆ. ಎತ್ತಿನ ಕೊರಳ ಗಂಟೆ ಹೊಸ ವೇಷದಲ್ಲಿ ಮರಳಿ ಬಂದಿದೆ, ಅಷ್ಟೆ.

ಬೆಂಗಳೂರಿನ ಪುಟ್ಟ ಕಾರು

ಇಂಥ ಭಾಷೆ ಕಟ್ಟುವ ಕೆಲಸ ದೂರದ ದೇಶಗಳಲ್ಲಿ ಮಾತ್ರ ನಡೆಯುತ್ತದೆ ಎಂದುಕೊಳ್ಳಬೇಡಿ. 1990ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಸನ್‌ರನ್ನರ್’ ಎಂಬ ಸೌರ ಕಾರನ್ನು ಕಟ್ಟಿದರು. ಅದು ಆಸ್ಟ್ರೇಲಿಯದ ಸೌರ ಕಾರುಗಳ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಗಳಿಸಿತು. ಆ ತಂಡದಲ್ಲಿ ಬೆಂಗಳೂರಿನ ಹುಡುಗ ಚೇತನ್ ಮೈನಿ ಇದ್ದರು. ಮುಂದೆ ಅಮೆರಿಕದ ಒಂದು ಸಂಸ್ಥೆಯ ಜೊತೆಗೂಡಿ 1994ರಲ್ಲಿ ಬೆಂಗಳೂರಿನಲ್ಲಿ ರೇವಾ ಕಂಪನಿ ಆರಂಭವಾಯಿತು. 2001ರಲ್ಲಿ ‘ರೇವಾ’ ವಿದ್ಯುತ್ ಕಾರು ಬೀದಿಗಿಳಿಯಿತು. ಲಂಡನ್ನಿನಲ್ಲಿ ಅದನ್ನೇ ‘ಜಿ-ವಿಜ್’ ಎಂದು ಕರೆದರು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಬಹುಪಾಲು ಷೇರುಗಳನ್ನು ಕೊಂಡಿತು. 2013ರಲ್ಲಿ ಬಂದ ‘ಇ2ಒ’ ಕಾರು ಇದೇ ವಂಶದ್ದು. ಇವೆರಡೂ ಈಗ ತಯಾರಾಗುತ್ತಿಲ್ಲ. ಆದರೆ ಅವು ಕಲಿಸಿದ ಪಾಠ ಹಳೆಯದಾಗಿಲ್ಲ.

ರೇವಾ ಎರಡು ಬಾಗಿಲಿನ, ಎರಡೂವರೆ ಮೀಟರಿಗಿಂತ ತುಸುವೇ ಉದ್ದದ ಕಾರು. ತಲಾ 6 ವೋಲ್ಟಿನ ಎಂಟು ಬ್ಯಾಟರಿಗಳು, ಒಟ್ಟು 48 ವೋಲ್ಟು. ಕ್ಲಚ್ ಇಲ್ಲ. ಗೇರ್ ಕಡ್ಡಿಯ ಬದಲು ಡ್ಯಾಶ್‌ಬೋರ್ಡಿನ ಮೇಲೆ ಒಂದು ತಿರುಗುವ ಗುಂಡಿ: ಮುಂದಕ್ಕೆ, ತಟಸ್ಥ, ಹಿಂದಕ್ಕೆ. ಫ್ಯಾನಿನ ರೆಗ್ಯುಲೇಟರ್ ತಿರುವಿದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ.

ಇಷ್ಟು ಸರಳವೇ ಎಂದು ಕೇಳಬಹುದು. ಇಲ್ಲೊಂದು ಸೂಕ್ಷ್ಮವಿದೆ. ಪೆಟ್ರೋಲ್ ಎಂಜಿನ್ ಒಂದೇ ದಿಕ್ಕಿಗೆ ತಿರುಗುತ್ತದೆ. ಅದರ ಕಾರು ಹಿಂದೆ ಹೋಗಲು ಬೇರೆಯೇ ಗೇರು ಬೇಕು. ವಿದ್ಯುತ್ ಮೋಟಾರಿಗೆ ಮುಂದೆ ಹಿಂದೆ ಎರಡೂ ಒಂದೇ. 2007ರಲ್ಲಿ ಬಂದ ‘ರೇವಾ-ಐ’ ಮಾದರಿಯಲ್ಲಿದ್ದದ್ದು ಮೂರು ಫೇಸಿನ ಇಂಡಕ್ಷನ್ ಮೋಟಾರು. ನಮ್ಮ ತೋಟದ ಪಂಪ್‌ಸೆಟ್ಟಿನ ಜಾತಿಯದೇ. ಮೂರು ಫೇಸುಗಳಲ್ಲಿ ಎರಡು ಅದಲುಬದಲಾದರೆ ಪಂಪು ಉಲ್ಟಾ ತಿರುಗುತ್ತದೆ, ನೀರು ಸರಿಯಾಗಿ ಬರುವುದಿಲ್ಲ ಎಂಬುದು ಸಿಂದಗಿಯ ಯಾವ ರೈತನಿಗೆ ಗೊತ್ತಿಲ್ಲ? ಕಾರಿನಲ್ಲಿ ಈ ಅದಲುಬದಲನ್ನು ಎಲೆಕ್ಟ್ರಾನಿಕ್ ನಿಯಂತ್ರಕ ಕ್ಷಣಮಾತ್ರದಲ್ಲಿ ಮಾಡುತ್ತದೆ. ಗೇರು ಕಿರುಗುಟ್ಟುವುದಿಲ್ಲ, ಜಗ್ಗುವುದಿಲ್ಲ, ಎಚ್ಚರಿಸುವುದಿಲ್ಲ.

ಆದ್ದರಿಂದ ಎಚ್ಚರಿಸುವ ಹೊಣೆ ಆ ಗುಂಡಿಯ ಮೇಲೆ ಬೀಳುತ್ತದೆ. ಮುಂದಕ್ಕೂ ಹಿಂದಕ್ಕೂ ನಡುವೆ ತಟಸ್ಥ ಸ್ಥಾನ ಇರಬೇಕು. ಪ್ರತಿ ಸ್ಥಾನಕ್ಕೂ ಬೆರಳಿಗೆ ‘ಟಕ್’ ಎಂದು ತಿಳಿಯಬೇಕು. ಸೀರೆಯ ಸೆರಗು ಸಿಕ್ಕಿದರೆ, ಮಗುವಿನ ಕೈ ತಾಗಿದರೆ ತಿರುಗಬಾರದು. 2022ರಲ್ಲಿ ಬಂದ ಟಾಟಾ ಟಿಯಾಗೊ ಇ.ವಿ.ಯಲ್ಲೂ, 2023ರಲ್ಲಿ ಬಂದ ಎಂ.ಜಿ. ಕಾಮೆಟ್‌ನಲ್ಲೂ ಗೇರ್ ಕಡ್ಡಿಯ ಜಾಗದಲ್ಲಿ ತಿರುಗುವ ಗುಂಡಿಯೇ ಇದೆ.

ಎಷ್ಟು ದೂರ ಹೋದೀತು?

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ಮೊದಲ ರೇವಾ ಒಂದು ಸಲ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತದೆಂದು ಕಂಪನಿ ಹೇಳುತ್ತಿತ್ತು. ವಿಜಯಪುರದಿಂದ ಮುದ್ದೇಬಿಹಾಳಕ್ಕೆ ದಾರಿಯೂ ಸುಮಾರು 80 ಕಿ.ಮೀ. ಹಾಗಾದರೆ ಹೊರಡಬಹುದೆ? ಲೆಕ್ಕದ ಪುಸ್ತಕದಲ್ಲಿ ಹೊರಡಬಹುದು. ರಸ್ತೆಯ ಮೇಲೆ ಹೊರಡಬಾರದು.

ಏಕೆಂದರೆ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಉಳಿದಿದೆ ಎನ್ನುವುದೇ ಬೇರೆ, ಅದು ಎಷ್ಟು ದೂರಕ್ಕೆ ಸಾಕಾಗುತ್ತದೆ ಎನ್ನುವುದೇ ಬೇರೆ. ಬಾವಿಯಲ್ಲಿ ಎಷ್ಟು ಮೊಳ ನೀರಿದೆ ಎಂದು ಹಗ್ಗ ಬಿಟ್ಟು ಅಳೆಯಬಹುದು. ಎಷ್ಟು ನಿಂಬೆ ಗಿಡಗಳಿಗೆ ಸಾಕಾದೀತು ಎಂಬುದು ಮಣ್ಣು, ಬಿಸಿಲು, ಗಾಳಿಗಳನ್ನು ಅವಲಂಬಿಸಿದ್ದು. ಕಾರಿನಲ್ಲೂ ಹಾಗೆಯೇ. ನಾಲ್ಕು ಜನ ಕೂತರೆ, ಎದುರು ಗಾಳಿ ಬೀಸಿದರೆ, ದಿಬ್ಬ ಬಂದರೆ, ಬೇಸಿಗೆಯಲ್ಲಿ ಎ.ಸಿ. ಹಾಕಿದರೆ, ಬ್ಯಾಟರಿ ಹಳತಾದರೆ ದೂರ ಕಡಿಮೆಯಾಗುತ್ತದೆ.

ಶೇಕಡಾವಾರು ಲೆಕ್ಕವೂ ಸುಲಭವಲ್ಲ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ತೇಲುವ ಬೆಂಡು ಇರುತ್ತದೆ. ಬ್ಯಾಟರಿಯಲ್ಲಿ ತೇಲಿಸಲು ಏನೂ ಇಲ್ಲ. ಒಳಗೆ ಹೋದ ಮತ್ತು ಹೊರಗೆ ಬಂದ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಎಣಿಸಿ, ವೋಲ್ಟೇಜು, ಉಷ್ಣತೆಗಳನ್ನು ನೋಡಿ ಅಂದಾಜು ಮಾಡಬೇಕು. ಪಿ.ಯು.ಸಿ. ಪುಸ್ತಕದಲ್ಲಿ ನೀವು ಓದುವ ‘ವಿದ್ಯುತ್ ಪ್ರವಾಹವನ್ನು ಕಾಲದಿಂದ ಗುಣಿಸಿದರೆ ಆವೇಶ’ ಎಂಬ ಸೂತ್ರವೇ ಇಲ್ಲಿ ಲೆಕ್ಕ ಬರೆಯುವ ಗುಮಾಸ್ತ. ರೇವಾದಲ್ಲೂ ಬ್ಯಾಟರಿಯ ಮೇಲೆ ಕಣ್ಣಿಡಲು ಒಂದು ಪುಟ್ಟ ಕಂಪ್ಯೂಟರ್ ಇತ್ತು.

ಈ ಅಂದಾಜನ್ನು ಚಾಲಕನಿಗೆ ಹೇಗೆ ಹೇಳಬೇಕು? ಇಲ್ಲಿ ಪ್ರಾಮಾಣಿಕತೆಯ ಪ್ರಶ್ನೆ ಬರುತ್ತದೆ. ‘ಇನ್ನು 37 ಕಿ.ಮೀ.’ ಎಂದು ಖಚಿತವಾಗಿ ತೋರಿಸಿ, ದಿಬ್ಬ ಹತ್ತಿದೊಡನೆ 24ಕ್ಕೆ ಇಳಿದರೆ ಚಾಲಕ ಆ ಮೀಟರನ್ನು ಮತ್ತೆಂದೂ ನಂಬುವುದಿಲ್ಲ. ಪೆಟ್ರೋಲ್ ಖಾಲಿಯಾದರೆ ಮುಂದಿನ ಊರಿನಿಂದ ಬಾಟಲಿಯಲ್ಲಿ ತರಬಹುದು. ಬಸವನ ಬಾಗೇವಾಡಿ ದಾಟಿದ ಮೇಲೆ ರಾತ್ರಿ ಹತ್ತಕ್ಕೆ ಬ್ಯಾಟರಿ ಮುಗಿದರೆ, ಮನೆಯ ಹೆಣ್ಣುಮಕ್ಕಳು ಜೊತೆಗಿದ್ದರೆ, ಬಾಟಲಿಯಲ್ಲಿ ವಿದ್ಯುತ್ ತರುವವರು ಯಾರು?

ಆದ್ದರಿಂದ ಒಳ್ಳೆಯ ಮೀಟರು ಮನೆಯ ಹಿರಿಯರಂತೆ ಇರಬೇಕು. ಬೇಗನೆ ಎಚ್ಚರಿಸಬೇಕು, ಸುಮ್ಮಸುಮ್ಮನೆ ಹೆದರಿಸಬಾರದು, ಕೊನೆಯ ಗಳಿಗೆಗೆಂದು ತುಸು ಗಂಟು ಕಟ್ಟಿಟ್ಟಿರಬೇಕು. ರೇವಾ ಕಂಪನಿ 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ ಇಂಥ ಒಂದು ಉಪಾಯವನ್ನು ಪ್ರಕಟಿಸಿತು. ಬ್ಯಾಟರಿಯಲ್ಲಿ ಸ್ವಲ್ಪ ಶಕ್ತಿಯನ್ನು ಮೀಸಲಿಟ್ಟು, ಚಾಲಕ ಸಂಕಟದಲ್ಲಿ ಸಂದೇಶ ಕಳಿಸಿದಾಗ ದೂರದಿಂದಲೇ ಅದನ್ನು ಬಿಡುಗಡೆ ಮಾಡುವ ಏರ್ಪಾಡು. ‘ರಿವೈವ್’ ಎಂದು ಅದರ ಹೆಸರು. ಇ2ಒ ಕಾರಿನಲ್ಲೂ ಅದು ಬಂತು. ಜಪಾನಿನ ನಿಸಾನ್ ಲೀಫ್ ಕಾರಿನಲ್ಲಿ ಶಕ್ತಿ ತೀರ ಕುಗ್ಗಿದಾಗ ಆಮೆಯ ಚಿತ್ರವೊಂದು ಹೊತ್ತುತ್ತದೆ. ಇನ್ನು ಗಾಡಿ ನಿಧಾನ ಎಂದು ತಿಳಿಯಲು ಅಕ್ಷರಜ್ಞಾನವೂ ಬೇಡ.

ಮೀಟರು ಅಗ್ಗದ್ದಾಗಿರಬಹುದು, ಅಂದವಿಲ್ಲದಿರಬಹುದು. ನಿರ್ಧಾರಕ್ಕೆ ಬೇಕಾದುದನ್ನು ಹೇಳಿದರೆ ಸಾಕು. ತೋಟದ ಸ್ಟಾರ್ಟರ್ ಪೆಟ್ಟಿಗೆಯನ್ನೇ ನೋಡಿ. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ವೋಲ್ಟ್ ಮೀಟರು, ಆ್ಯಂಪ್ ಮೀಟರು. ಬೋರ್‌ವೆಲ್ಲಿನಲ್ಲಿ ನೀರು ಕಡಿಮೆಯಾದರೆ ಪಂಪಿಗೆ ಹೊರೆ ತಗ್ಗಿ ಆ್ಯಂಪ್ ಮೀಟರಿನ ಮುಳ್ಳು ಕೆಳಗಿಳಿಯುತ್ತದೆ. ನಮ್ಮ ಭಾವನವರು ಆ ಮುಳ್ಳನ್ನು ನೋಡಿಯೇ ನೂರಾರು ಅಡಿ ಆಳದ ಸುದ್ದಿ ಹೇಳುತ್ತಾರೆ. ರಾತ್ರಿ ಎರಡಕ್ಕೆ ತ್ರಿ-ಫೇಸ್ ಬಂದಾಗ ಕತ್ತಲಲ್ಲೇ ಕೈಯಾಡಿಸಿ ಗುಂಡಿ ಒತ್ತುತ್ತಾರೆ.

ಕೈಗೆ ಕಣ್ಣು

‘ಕತ್ತಲಲ್ಲೇ ಕೈಯಾಡಿಸಿ’ ಎಂಬ ಮಾತು ಮುಖ್ಯವಾದದ್ದು. ಅದಕ್ಕೊಂದು ಯುದ್ಧಕಾಲದ ಕತೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿದುಬಿಡುತ್ತಿದ್ದವು. ಪೈಲಟ್ ರೆಕ್ಕೆಯ ಫ್ಲ್ಯಾಪುಗಳನ್ನು ಎತ್ತಲು ಹೋಗಿ ಚಕ್ರಗಳನ್ನೇ ಎತ್ತಿಬಿಡುತ್ತಿದ್ದ. ‘ಪೈಲಟ್ಟಿನ ತಪ್ಪು’ ಎಂದು ಬರೆದುಕೊಂಡರು. ಅಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ವಿಮಾನದೊಳಗೆ ಹೋಗಿ ನೋಡಿದ. ಎರಡು ಹಿಡಿಕೆಗಳೂ ಅಕ್ಕಪಕ್ಕದಲ್ಲಿದ್ದವು, ಒಂದೇ ಆಕಾರದವು. ಚಕ್ರದ ಹಿಡಿಕೆಗೆ ಪುಟ್ಟ ರಬ್ಬರ್ ಚಕ್ರವನ್ನೂ, ಫ್ಲ್ಯಾಪಿನ ಹಿಡಿಕೆಗೆ ಬೆಣೆಯಂಥ ತುಂಡನ್ನೂ ಅಂಟಿಸಿದ. ಕೈಗೆ ಕಣ್ಣು ಬಂತು, ಆ ತಪ್ಪು ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 ತಪ್ಪುಗಳನ್ನು ಕಲೆಹಾಕಿ ವಿಂಗಡಿಸಿದರು. ತಪ್ಪು ಮನುಷ್ಯನದೆನ್ನುವ ಮೊದಲು ಹಲಗೆಯ ಮೇಲಿನ ಜೋಡಣೆಯನ್ನು ನೋಡಬೇಕು ಎಂಬ ಶಾಸ್ತ್ರ ಹೀಗೆ ಬೆಳೆಯಿತು.

ಈ ಪಾಠವನ್ನು ಕಾರು ತಯಾರಕರು ನಡುವೆ ಮರೆತಂತೆ ಕಾಣುತ್ತದೆ. ಗುಂಡಿಗಳನ್ನೆಲ್ಲ ಕಿತ್ತು ಗಾಜಿನ ಪರದೆಯೊಳಗೆ ಹಾಕುವುದು ಇತ್ತೀಚಿನ ಪದ್ಧತಿ. ಪರದೆ ನುಣ್ಣಗಿರುತ್ತದೆ. ಅದನ್ನು ಮುಟ್ಟಲು ಮೊದಲು ನೋಡಲೇಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಪರದೆಯತ್ತ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಆ 33 ಮೀಟರಿನಲ್ಲಿ ಜೋಳದ ಹೊಲದಿಂದ ಒಂದು ಎಮ್ಮೆ ರಸ್ತೆಗೆ ಬರಬಹುದು, ಶಾಲೆಯಿಂದ ಒಂದು ಮಗು ಬರಬಹುದು.

2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಇದನ್ನು ಅಳೆದು ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಸಾಗುತ್ತ ಸೀಟು ಬೆಚ್ಚಗೆ ಮಾಡುವುದು, ರೇಡಿಯೋ ಹಚ್ಚುವುದು ಮುಂತಾದ ನಾಲ್ಕು ಕೆಲಸ ಮಾಡಬೇಕು. ಗುಂಡಿಗಳೇ ಇದ್ದ 2005ರ ಹಳೆಯ ವೋಲ್ವೊ ಕಾರಿನಲ್ಲಿ 10 ಸೆಕೆಂಡಿನೊಳಗೆ, 306 ಮೀಟರಿನಲ್ಲಿ ಕೆಲಸ ಮುಗಿಯಿತು. ಪರದೆಯ ಕಾರುಗಳಲ್ಲಿ ತೀರ ಹಿಂದೆ ಬಿದ್ದದ್ದಕ್ಕೆ ಸುಮಾರು 45 ಸೆಕೆಂಡು, 1,372 ಮೀಟರ್ ಬೇಕಾದವು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಹೊಸ ನಿಯಮ ಮಾಡಿದೆ. ಪೂರ್ತಿ ಐದು ನಕ್ಷತ್ರ ಬೇಕಿದ್ದರೆ ಇಂಡಿಕೇಟರ್, ಅಪಾಯ ಸೂಚಕ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಿಷ್ಟಕ್ಕಾದರೂ ಕೈಗೆ ಸಿಗುವ ನಿಜವಾದ ಗುಂಡಿ ಅಥವಾ ಹಿಡಿಕೆ ಇರಬೇಕು.

ಪರದೆ ಬೇಡವೇ ಬೇಡ ಎಂದಲ್ಲ. ನಿಂತಾಗ ನೋಡುವ ನಕ್ಷೆಗೆ, ಚಾರ್ಜಿಂಗ್ ವಿವರಕ್ಕೆ ಅದು ಒಳ್ಳೆಯದು. ಓಡುವಾಗ ಬೇಕಾಗುವುದು ಬೆರಳಿಗೆ ಸಿಗಬೇಕು, ನಿಂತಾಗ ಬೇಕಾಗುವುದು ಪರದೆಯಲ್ಲಿರಬಹುದು. ಇಷ್ಟು ವಿವೇಕ ಸಾಕು.

ಪತ್ರ ಬರೆದ ಪಾಲಕರಿಗೆ

ಈಗ ಮುದ್ದೇಬಿಹಾಳದ ಪಾಲಕರಿಗೆ ಉತ್ತರ. ನಿಮ್ಮ ಮಗನ ಚಿತ್ರಗಳನ್ನು ಎಸೆಯಬೇಡಿ. ಅದು ಒಂದು ಶಿಸ್ತಿನ ವಿದ್ಯೆ. ಅದಕ್ಕೆ ಭೌತಶಾಸ್ತ್ರವೂ ಬೇಕು, ಮನಶ್ಶಾಸ್ತ್ರವೂ ಬೇಕು, ಚಿತ್ರಕಲೆಯೂ ಬೇಕು. ಪಿ.ಯು.ಸಿ. ನಂತರ ‘ಯುಸೀಡ್’ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಡೆಸ್. ಪದವಿಗೆ ಸೇರಬಹುದು. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗದ ಯಾರಾದರೂ ಇದನ್ನು ಬರೆಯಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನದೇ ಪರೀಕ್ಷೆ ನಡೆಸುತ್ತದೆ. ಮೊದಲು ಬಿ.ಇ. ಮುಗಿಸಿ, ‘ಸೀಡ್’ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಡೆಸ್. ಮಾಡುವ ದಾರಿಯೂ ಇದೆ. ಆದರೆ ಪಿ.ಯು.ಸಿ. ಅಂಕಗಳು ಕೈಬಿಡದಂತೆ ನೋಡಿಕೊಳ್ಳುವ ಹೊಣೆ ಅವನದು. ಚಿತ್ರವು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿರಲಿ, ಮುಂದಿನ ಹಾಳೆಯ ಲೆಕ್ಕಗಳೂ ಪೂರ್ತಿಯಾಗಲಿ.

ಇನ್ನು ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ರಟ್ಟಿನ ಮೇಲೆ ನಿಮ್ಮದೇ ಒಂದು ಪುಟ್ಟ ವಿದ್ಯುತ್ ಕಾರಿನ ಡ್ಯಾಶ್‌ಬೋರ್ಡು ಮಾಡಿ. ಬಾಟಲಿಯ ಮುಚ್ಚಳಗಳೇ ಗುಂಡಿಗಳಾಗಲಿ. ಹಾರ್ನ್, ವೈಪರ್, ದೀಪ, ಇಂಡಿಕೇಟರ್, ಮುಂದಕ್ಕೆ-ಹಿಂದಕ್ಕೆ, ಇಷ್ಟು ಸಾಕು. ಮನೆಯ ಹತ್ತು ಜನರನ್ನು ಒಬ್ಬೊಬ್ಬರಾಗಿ ಅದರ ಮುಂದೆ ಕೂರಿಸಿ. ಅಜ್ಜಿಯನ್ನು ಬಿಡಬೇಡಿ. ಎರಡು ನಿಮಿಷ ನೋಡಲು ಕೊಟ್ಟು, ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ‘ವೈಪರ್’, ‘ಹಾರ್ನ್’ ಎಂದು ಕೂಗಿ. ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದುಕೊಳ್ಳಿ. ಕೆಂಪು-ಹಸಿರು ಬಣ್ಣಗಳ ವ್ಯತ್ಯಾಸ ಕಾಣದವರೂ ಇರುತ್ತಾರೆ. ಆದ್ದರಿಂದ ಬಣ್ಣವೊಂದನ್ನೇ ನಂಬಬೇಡಿ, ಆಕಾರವನ್ನೂ ಜಾಗವನ್ನೂ ಬೇರೆ ಮಾಡಿ. ಆಮೇಲೆ ಗುಂಡಿಗಳನ್ನು ಬೇರೆ ರೀತಿ ಜೋಡಿಸಿ ಮತ್ತೆ ಪರೀಕ್ಷಿಸಿ. ಅಜ್ಜಿ ತಪ್ಪು ಗುಂಡಿ ಒತ್ತಿದರೆ ನಗಬೇಡಿ. ತಪ್ಪು ನಿಮ್ಮ ರಟ್ಟಿನದು.

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಆಲಮಟ್ಟಿಯಲ್ಲಿ ಜಲವಿದ್ಯುತ್ ಇದೆ. ನಾಡಿನ ಕಾರುಗಳನ್ನು ಓಡಿಸುವ ವಿದ್ಯುತ್ತು ನಮ್ಮ ಜಿಲ್ಲೆಯಿಂದಲೂ ಹೋಗುತ್ತದೆ. ಆ ಕಾರಿನ ಗುಂಡಿ ಎಲ್ಲಿರಬೇಕೆಂದು ತೀರ್ಮಾನಿಸುವವರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳದ ಹುಡುಗ ಹುಡುಗಿಯರೂ ಏಕಿರಬಾರದು? ಅಂಥವರು ಆ ಕೋಣೆಯಲ್ಲಿದ್ದರೆ ಅಕ್ಕನ ಪ್ರಶ್ನೆಯನ್ನು ಗಾಡಿ ಪೇಟೆಗೆ ಬರುವ ಮೊದಲೇ ಕೇಳುತ್ತಾರೆ.

ನಿಮ್ಮ ರಟ್ಟಿನ ಡ್ಯಾಶ್‌ಬೋರ್ಡು ಎಷ್ಟು ಅಂಕ ಗಳಿಸಿತು, ಅಜ್ಜಿ ಏನೆಂದರು, ಬರೆದು ತಿಳಿಸಿ.